ಮಗ್ಗದ ಗುಂಡಿಗೆ ಬಿದ್ದ ಸೂಜಿ

ದಾರಕ್ಕೆ ಕಟ್ಟಿದ ಅಯಸ್ಕಾಂತವನ್ನು ಕಾಂಚನಾ ಮತ್ತೆ ಮಗ್ಗದ ಗುಂಡಿಗೆ ಇಳಿಬಿಟ್ಟಳು. ಈ ಸಲ ಮೇಲೆ ಬಂದದ್ದು ತುಕ್ಕು ಹಿಡಿದ ಮೊಳೆ. ಅಯ್ಯೋ, ಸೂಜಿ ಎಲ್ಲಿ ಹೋಯಿತು?

ಅದು ಅಜ್ಜಿ ತಿಪ್ಪೇರುದ್ರಮ್ಮ ಕೌದಿ ಹೊಲಿಯುವ ಸೂಜಿ. ನಾಳೆ ಸ್ಕೂಲಿನಲ್ಲಿ ದಿಕ್ಸೂಚಿ ಮಾಡಿ ತೋರಿಸಬೇಕಿತ್ತು. ಅಜ್ಜಿಯನ್ನು ಕೇಳದೆ ಡಬ್ಬಿಯಿಂದ ತೆಗೆದು, ಗುಂಡಿಯ ಅಂಚಿನಲ್ಲಿ ಕೂತು, ಅಯಸ್ಕಾಂತದಿಂದ ಒಂದೇ ದಿಕ್ಕಿಗೆ ಉಜ್ಜಿದ್ದೇ ಉಜ್ಜಿದ್ದು. ಕೈ ಬೆವತು ಸೂಜಿ ಜಾರಿತ್ತು. ಅಪ್ಪ ವೀರೇಶ ಮೊಳಕಾಲ್ಮೂರು ಸೀರೆ ನೇಯುವಾಗ ಅದೇ ಗುಂಡಿಗೆ ಬರಿಗಾಲು ಇಳಿಬಿಟ್ಟು ಹಲಗೆ ತುಳಿಯುತ್ತಿದ್ದ.

ಹೊರಗೆ ಅಪ್ಪ ಕಾಲು ತೊಳೆಯುವ ಸದ್ದು ಕೇಳಿಸಿತು. ಕರೆಂಟು ಬಂದಿತ್ತಲ್ಲ, ಉಳಿದ ಸೆರಗನ್ನು ಈಗಲೇ ನೇಯ್ದು ಮುಗಿಸುತ್ತಾನಂತೆ. ಕಾಂಚನಾ ಅಯಸ್ಕಾಂತವನ್ನು ಗಡಿಬಿಡಿಯಲ್ಲಿ ಇನ್ನೊಮ್ಮೆ ಇಳಿಬಿಟ್ಟಳು, ಬರಿದೇ ಮೇಲೆ ಬಂತು.

ಹೇಳಿಬಿಡೋಣವೆಂದರೆ ಅಜ್ಜಿ ಆಗಲೇ ದೇವರಿಗೆ ದೀಪ ಹಚ್ಚಿ ಬಾಗಿಲ ಬಳಿಯೇ ಕೂತಿದ್ದಳು. ದೀಪ ಹಚ್ಚಿದ ಮೇಲೆ ಆ ಮನೆಯಲ್ಲಿ ಸೂಜಿಯ ಹೆಸರು ಎತ್ತುವಂತಿಲ್ಲ. ಹೋದ ವಾರ ಪಕ್ಕದ ಮನೆ ರೂಪ ಬಾಯಿತಪ್ಪಿ ಸೂಜಿ ಕೇಳಿದ್ದಕ್ಕೆ, ಮನೆಯ ಲಕ್ಷ್ಮಿಯನ್ನೇ ಓಡಿಸೋಕೆ ಬಂದೆಯಾ ಎಂದು ಅಜ್ಜಿ ಬೈದು ಕಳಿಸಿದ್ದಳು.

ಅಪ್ಪ ಬಂದು ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟ.

"ಅಪ್ಪಾ, ಕಾಲಿಡಬ್ಯಾಡ," ಎಂದಳು ಕಾಂಚನಾ.

"ಯಾಕೆ, ಏನೈತೆ?"

"ಅದೂ... ಚೂಪಂದು ಐತೆ."

"ಚೂಪಂದು ಅಂದ್ರೆ? ಚೇಳೇನು?" ಅಪ್ಪ ನಗುತ್ತ ಹಲಗೆಯತ್ತ ಕಾಲು ಚಾಚಿದ.

"ಸೂಜಿ! ಸೂಜಿ ಐತೆ ಅಪ್ಪಾ!"

ಅಪ್ಪನ ಕಾಲು ಸರಕ್ಕನೆ ಮೇಲೆ ಬಂತು. ಅಜ್ಜಿಯ ಮುಖ ನೋಡಲು ಕಾಂಚನಾಳಿಗೆ ಧೈರ್ಯ ಸಾಲಲಿಲ್ಲ. ನಡೆದದ್ದನ್ನೆಲ್ಲ ಅಳುತ್ತಲೇ ಹೇಳಿದಳು.

ಅಪ್ಪ ಟಾರ್ಚು ಹಿಡಿದು ಬಗ್ಗಿ ನೋಡಿದ. ಸೂಜಿ ಗುಂಡಿಯ ತಳಕ್ಕೆ ಬಿದ್ದೇ ಇರಲಿಲ್ಲ. ಹಲಗೆಯ ಅಂಚಿನ ಮೊಳೆಗೆ ಅಂಟಿಕೊಂಡು, ಮೊನೆ ಮೇಲೆತ್ತಿ ನಿಂತಿತ್ತು. ಅಪ್ಪ ದಿನಾ ಹೆಬ್ಬೆರಳು ಊರುವ ಜಾಗ ಅದು.

"ಉಜ್ಜಿ ಉಜ್ಜಿ ನೀನೇ ಅದನ್ನ ಅಯಸ್ಕಾಂತ ಮಾಡೀಯಲ್ಲ, ಕಬ್ಬಿಣ ಕಂಡ್ರೆ ಬಿಡ್ತೈತಾ?" ಎಂದ ಅಪ್ಪ. ದನಿಯಲ್ಲಿ ಸಿಟ್ಟಿರಲಿಲ್ಲ, ಆದರೆ ಕಾಲು ಮಾತ್ರ ಇನ್ನೂ ಮಡಚಿಕೊಂಡೇ ಇದ್ದ.

ಅಜ್ಜಿ ಎದ್ದು ಬಂದಳು. ಈಗ ಬೈಗುಳ ಬೀಳುತ್ತದೆಂದು ಕಾಂಚನಾ ತಲೆ ತಗ್ಗಿಸಿದಳು. ಅಜ್ಜಿ ಮಾತ್ರ ಮಗನ ಅಂಗಾಲು ಹಿಡಿದು ಸವರಿ ಸವರಿ ನೋಡಿದಳು.

"ಸೂಜಿ ಚುಚ್ಚಿಲ್ಲ ಅಲ್ವೇನಪ್ಪಾ?"

ಕಾಂಚನಾ ತಟ್ಟನೆ ದೇವರ ಗೂಡಿನತ್ತ ತಿರುಗಿದಳು. ದೀಪ ಉರಿಯುತ್ತಲೇ ಇತ್ತು. ತಾನು ಆಡಿದ ಮಾತು ಅಜ್ಜಿಗೇ ಗೊತ್ತಾಗಿರಲಿಲ್ಲ. ಕಾಂಚನಾ ನೆನಪು ಮಾಡಲಿಲ್ಲ. ಸೂಜಿಯನ್ನು ಡಬ್ಬಿಗೆ ಹಾಕಿಟ್ಟು, ಅಜ್ಜಿಗೆ ಒತ್ತಿಕೊಂಡು ಕೂತಳು.