ಬಿಜಲಿ ಕುಣಿದದ್ದು ಯಾರಿಗೆ

ನನ್ನ ನಾಯಿ ಬಿಜಲಿ ನನ್ನ ಮನೆಯ ಅನ್ನ ತಿನ್ನುತ್ತಾಳೆ, ನನ್ನ ಮಂಚದ ಮೇಲೆ ಮಲಗುತ್ತಾಳೆ, ಕುಣಿಯುವುದು ಮಾತ್ರ ಕೈಲಾಶನ ಮುಂದೆ. ಇದಕ್ಕಿಂತ ಹೊಟ್ಟೆ ಉರಿಸುವ ಸಂಗತಿ ಇದ್ದರೆ ಯಾರಾದರೂ ಹೇಳಿ.

ಕೈಲಾಶ ಬೀದರಿನ ದನದ ದವಾಖಾನೆಯವನು. ಬಿಜಲಿಗೆ ಇಂಜೆಕ್ಷನ್ ಹಾಕಲು ಮೈಲೂರಿನ ನಮ್ಮ ಮನೆಗೆ ಬಂದಿದ್ದ. ನಾನು ಮಕ್ಕಳಿಗೆ ಡ್ಯಾನ್ಸ್ ಕಲಿಸುವ ಟೀಚರ್ ಎಂದು ಗೊತ್ತಾದದ್ದೇ ತಡ, "ಇಕಿಗೂ ಕಲಿಸ್ರಲ್ಲ ಕರುಣಾ ಟೀಚರ್, ಭಾಲ್ಕಿಯೊಳಗ ನಾಯಿಗಳ ಶೋ ಅದ" ಎಂದು ತಲೆ ಕೆಡಿಸಿದ. ಆಮೇಲೆ ಸಂಜೆಯಾದರೆ ಸಾಕು, "ಜೈಭೀಮ್ ಆಯಿ" ಎಂದು ಅವ್ವನಿಗೆ ಹೇಳಿ, ಚಹಾ ಕುಡಿದು, ನಮ್ಮ ತಾಲೀಮಿಗೆಂದು ಮಾಳಿಗೆ ಹತ್ತುತ್ತಿದ್ದ.

ಬಿಜಲಿ ನನ್ನ ಕಾಲ ಸಂದಿಯಿಂದ ನುಸುಳಬೇಕು, ಗಿರಕಿ ಹೊಡೆಯಬೇಕು, ಹಿಂಗಾಲ ಮೇಲೆ ನಿಂತು ನನ್ನ ಕೈಗೆ ಪಂಜ ಕೊಡಬೇಕು. ಎಲ್ಲ ಮಾಡುತ್ತಿದ್ದಳು. ಆದರೆ ಕಣ್ಣು ಕೈಲಾಶನ ಜೇಬಿನ ಮೇಲೆ!

"ನನ್ನ ಕಡಿ ಯಾಕ ನೋಡಂಗಿಲ್ರಿ ಇಕಿ?"

"ಕೋಳಿ ತುಂಡು ಹಾಕೋರು ಯಾರ್ರಿ? ಕೈ ವಾಸನಿ ಬರ್ತದ ಅಂತ ನೀವೇ ನನ್ನ ಕೈಗಿ ಡಬ್ಬಿ ಕೊಟ್ರಿ. ತಿನ್ನಸೋರ ಮಾರಿ ನೋಡೇ ಕುಣಿತದ ನಾಯಿ."

ಹೇಳುವಾಗ ಅವನ ತುಟಿಯಂಚಿನಲ್ಲಿ ನಗು. ಆ ನಗು ಕಂಡರೆ ನನಗೆ ಹೆಜ್ಜೆ ತಪ್ಪುತ್ತಿತ್ತು, ಹೆಜ್ಜೆ ತಪ್ಪಿದರೆ ಸಿಟ್ಟು ಬರುತ್ತಿತ್ತು, ಸಿಟ್ಟು ಬಂದರೆ ಅವನು ಇನ್ನಷ್ಟು ನಗುತ್ತಿದ್ದ. ಸಾಕಾಗಿ ಹೋಗಿತ್ತು ನನಗೆ.

ಶೋ ಹಿಂದಿನ ಸಂಜೆ ಅವನು ಮೆಲ್ಲಗೆ ಹೇಳಿದ, "ನನಗ ಔರಾದಿಗಿ ಟ್ರಾನ್ಸ್‌ಫರ್ ಆಗ್ಯದ್ರಿ. ಸೋಮವಾರ ಹೋಗ್ತೇನಿ."

ಹೋಗಬೇಡ ಎನ್ನಬೇಕಿತ್ತು. ನನ್ನ ಬಾಯಿಂದ ಬಂದದ್ದು, "ಹಂಗಾದ್ರ ನಾಳಿ ಶೋಕ್ಕ ಬರಬ್ಯಾಡ್ರಿ. ನೀವು ಕಂಡ್ರ ಇಕಿ ಕೆಡಸ್ತಾಳ."

"ಆಯ್ತ್ರಿ" ಎಂದು ಇಳಿದುಹೋದ. ಅಂದು ಚಹಾ ಕೂಡ ಕುಡಿಯಲಿಲ್ಲ. ನಾನು ಬಿಜಲಿಗೆ ಬೈದೆ, ಅವ್ವನಿಗೆ ರೇಗಿದೆ, ಊಟ ಬಿಟ್ಟೆ. ಅವನಿಲ್ಲದ ಸಂಜೆಗಳು ಹೇಗಿರುತ್ತವೆ ಎಂದು ನೆನೆದರೇ ಅಳು ಬರುತ್ತಿತ್ತು.

ಮರುದಿನ ಭಾಲ್ಕಿಯ ಮೈದಾನದಲ್ಲಿ ಹಾಡು ಶುರುವಾಯಿತು. ನಾನು ಕಾಲೆತ್ತಿದೆ. ಬಿಜಲಿ ಮೂಗು ಮೇಲೆತ್ತಿ ಗಾಳಿ ಮೂಸಿದಳು. ಒಂದು ಸಲ ನನ್ನನ್ನು ನೋಡಿದಳು, ಸುತ್ತ ಕಟ್ಟಿದ್ದ ಹಗ್ಗ ಹಾರಿ ಗೇಟಿನತ್ತ ಓಡಿಯೇಬಿಟ್ಟಳು! ಜನ ಹೋ ಎಂದು ನಕ್ಕರು. ಡ್ಯಾನ್ಸ್ ಡ್ರೆಸ್ ಎತ್ತಿ ಹಿಡಿದು ನಾನೂ ಹಿಂದೆ ಓಡಿದೆ.

ಗೇಟಿನ ಹೊರಗೆ ಚಹಾದಂಗಡಿ. ಅಲ್ಲಿ ಕೈಲಾಶ. ಅವನೆದುರು ಬಿಜಲಿ ಗಿರಕಿ ಹೊಡೆದು, ಹಿಂಗಾಲ ಮೇಲೆ ನಿಂತು, ಒಂದು ಹೆಜ್ಜೆಯೂ ತಪ್ಪದೆ ಕುಣಿಯುತ್ತಿದ್ದಳು. ಅವನ ಕೈಯಲ್ಲಿ ಡಬ್ಬಿಯಿಲ್ಲ, ಜೇಬೂ ಖಾಲಿ.

"ಬರಬ್ಯಾಡ ಅಂದಿದ್ನಿಲ್ಲೋ!" ಎಂದು ಚೀರಿದೆ.

"ಒಳಗ ಬಂದಿಲ್ಲಲ್ರಿ" ಎಂದ. ಮುಖ ಮಾತ್ರ ಸಪ್ಪಗಿತ್ತು. "ಹೊರಗ ನಿಂತು ಹಾಡರ ಕೇಳೋಣ ಅಂದೆ. ನಿಮ್ಮ ಪ್ರೈಜ್ ಹೋಯ್ತು. ತಪ್ಪಾಯ್ತ್ರಿ."

"ಪ್ರೈಜಿಗಿ ಬೆಂಕಿ ಬೀಳ್ಲಿ!" ಉಸಿರು ಸಾಲದೆ ನಿಂತೆ. ಇನ್ನು ಮುಚ್ಚಿಡುವುದು ನನ್ನ ಕೈಲಾಗಲಿಲ್ಲ. "ಈ ನಾಯಿಗಿ ನಿಮ್ಮ ಹಿಂದ ಓಡಿ ಬರ್ಲಾಕ ಬರ್ತದ. ನನಗ ಬರಲಿಲ್ಲ. ನಿಮ್ಮ ಮ್ಯಾಲ ಜೀವ ಅದ ನಂದು, ಕೈಲಾಶ. ಔರಾದಿಗಿ ಹೋಗ್ರಿ, ಆದ್ರ ನನ್ನ ಬಿಟ್ಟು ಹೋಗಬ್ಯಾಡ್ರಿ."

ಚಹಾದವನು ಸೋಸುವುದನ್ನೇ ಮರೆತ. ಕೈಲಾಶ ನನ್ನ ಬೆವರಿದ ಮುಖವನ್ನು, ಕೆದರಿದ ಕೂದಲನ್ನು, ಬಿಚ್ಚಿಹೋದ ಗೆಜ್ಜೆಯನ್ನು ಒಂದೊಂದಾಗಿ ನೋಡಿದ. ಬಗ್ಗಿ ಗೆಜ್ಜೆ ಎತ್ತಿ ನನ್ನ ಕೈಗಿಟ್ಟ, ಆ ಕೈಯನ್ನು ಬಿಡಲಿಲ್ಲ.

"ರವಿವಾರಕ್ಕೊಮ್ಮಿ ಬಸ್ ಹತ್ತಿ ಬರ್ತೇನಿ. ನಿಮ್ಮ ಆಯಿಗಿ ನಾನೇ ಕೇಳ್ತೇನಿ."

"ನಾಯಿ ಸಲುವಾಗಿ ಬರೋದಿದ್ರ ಬರಬ್ಯಾಡ್ರಿ" ಎಂದೆ, ಸಿಟ್ಟು ಇನ್ನೂ ಇಳಿದಿರಲಿಲ್ಲ.

"ನಾಯಿ ಸಲುವಾಗಿ ಯಾವತ್ತರ ಬಂದೀನೇನ್ರಿ ನಾ?"