ನಾಲ್ಕನೇ ಸೀಟಿ

ಬೀಟ್ ಪೊಲೀಸ್ ಜಯಪಾಲನ ಮೂಗಿನಿಂದ ಸುರಿದ ರಕ್ತ ಖಾಕಿ ಅಂಗಿಯನ್ನೆಲ್ಲ ತೋಯಿಸಿತ್ತು. ಸುತ್ತ ಹತ್ತು ಹದಿನೈದು ಕುರಿಗಾಹಿಗಳು, ಎಲ್ಲರ ಕೈಯಲ್ಲೂ ಬಡಿಗೆ. ಒಬ್ಬ ಕಾಲರ್ ಹಿಡಿದು ಎಬ್ಬಿಸಿದ, ಇನ್ನೊಬ್ಬ ಒದ್ದು ಕೆಡವಿದ. ಜಯಪಾಲ ಕೈ ಅಡ್ಡ ಕೂಡ ಹಿಡಿಯಲಿಲ್ಲ, ಪುಣ್ಯಾತ್ಮ!

ಗಂಗಾ ತನ್ನ ಅಣ್ಣ ಮಾಳುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವನ ಬಲಗೈ ಮುರಿದಿತ್ತು. ಸದಲಗಾದ ಹೊರಗೆ, ಕಬ್ಬು ಕಡಿದ ಹೊಲದಲ್ಲಿ, ಹಾಡಹಗಲೇ ಪಿಕಪ್ ತಂದ ಕಳ್ಳರು ಅವನನ್ನು ರಾಡಿನಿಂದ ಬಡಿದು ಹನ್ನೊಂದು ಕುರಿ ಹೇರಿಕೊಂಡು ಹೋಗಿ ಇನ್ನೂ ಕಾಲು ತಾಸಾಗಿರಲಿಲ್ಲ.

"ಸೀಟಿ ಕೇಳಲಿಲ್ಲೇನೋ ನಿನಗ?" ಅವಳ ಅಪ್ಪ ಭೀಮಸಿ ಗುಡುಗಿದ.

"ಕೇಳಿತ್ರಿ ಕಾಕಾ."

"ಮತ್ತ್ಯಾಕ ಓಡಿ ಬರಲಿಲ್ಲ? ಕಳ್ಳರ ಕೂಡ ಪಾಲ ಐತೇನು?"

"ತಪ್ಪ ನಂದ ಐತ್ರಿ," ಅಂದ ಜಯಪಾಲ.

ಅವನು ಯಾಕೆ ಓಡಿ ಬರಲಿಲ್ಲವೆಂದು ಗಂಗಾಳಿಗೆ ಗೊತ್ತಿತ್ತು.

ಹೋದ ತಿಂಗಳು ಕುರಿಗಾಹಿಗಳನ್ನೂ ರೈತರನ್ನೂ ಕೂಡಿಸಿ ಸಮಿತಿ ಮಾಡಿದವನು ಅವನೇ. ಒಬ್ಬೊಬ್ಬರ ಕೊರಳಿಗೂ ಸೀಟಿ ಹಾಕಿ, "ಕಳ್ಳರು ಕಂಡ್ರ ಊದ್ರಿ, ಉಣ್ಣೂದು ಬಿಟ್ಟು ಬರ್ತೀನಿ" ಅಂದಿದ್ದ. ಎರಡೇ ದಿನಕ್ಕೆ, ಉಳಿದವರೆಲ್ಲ ದೂರ ಹೋದ ಹೊತ್ತು ನೋಡಿ, ಗಂಗಾ ಊದಿದಳು. ಧೂಳೆಬ್ಬಿಸಿಕೊಂಡು ಬಂತು ಬೈಕು.

"ಎಲ್ಲದಾರ ಕಳ್ಳರು?"

"ಅಯ್ಯ, ನಾ ಕುರಿ ಕರದ್ನಿರಿ. ನೀವ್ಯಾಕ ಬಂದ್ರಿ ಸಾಹೇಬ್ರ?"

ಬೈಯಲು ಬಾಯಿ ತೆರೆದವನು ಅವಳ ಕಣ್ಣಲ್ಲಿದ್ದ ನಗು ನೋಡಿ ಬೈಗುಳ ಮರೆತ. ಮೂರನೇ ಸಲ ಬಂದಾಗ, "ಇದು ಕಳ್ಳರಿಗೋ, ನನಗೋ?" ಎಂದು ಮೆಲ್ಲಗೆ ಕೇಳಿದ್ದ. ಅವಳು ಸೆರಗು ಕಚ್ಚಿಕೊಂಡು ಕುರಿಗಳ ನಡುವೆ ಓಡಿಹೋಗಿದ್ದಳು.

ಇಂದು ನಾಲ್ಕನೇ ಸೀಟಿ. ಪ್ರಾಣ ಹೋಗುವ ಹಾಗೆ ಊದಿದ್ದಳು. ಅವನು ಮುಖ ತೊಳೆದು, ತಲೆ ಬಾಚಿಕೊಂಡು, ಜೇಬಿನಲ್ಲಿ ಮಲ್ಲಿಗೆ ದಂಡೆ ಇಟ್ಟುಕೊಂಡು ನಿಧಾನಕ್ಕೆ ನಗುತ್ತ ಬಂದಿದ್ದ. ಆ ಮಲ್ಲಿಗೆ ಈಗ ಕುರಿಗಾಹಿಗಳ ಕಾಲಡಿ ಹೊಸಕಿಹೋಗಿತ್ತು.

ಭೀಮಸಿ ಬಡಿಗೆ ಬಿಟ್ಟು ಹೆಗಲ ಕೊಡಲಿ ಎತ್ತಿದ.

ಬಾಯಿ ಬಿಟ್ಟರೆ ತನ್ನ ಮಾನ ಹೋಗುತ್ತದೆ. ಬಿಡದಿದ್ದರೆ ಅವನ ಜೀವ ಹೋಗುತ್ತದೆ. ಗಂಗಾ ಓಡಿಬಂದು ಜಯಪಾಲನ ಮೇಲೆ ಬಿದ್ದಳು.

"ಅಪ್ಪಾ, ಮೂರು ಸಲ ನಾ ಸುಳ್ಳ ಊದೀನಿ! ಇವ್ರನ್ನ ನೋಡಬೇಕನಿಸಿ ಊದೀನಿ! ಮೂರೂ ಸಲ ಓಡಿ ಬಂದಾರ. ಇವತ್ತೂ ಹಂಗ ಅಂತ ತಿಳಕೊಂಡಾರ. ಕಡಿಯೂದಿದ್ರ ನನ್ನ ಕಡಿ!"

ಭೀಮಸಿ ಕೊಡಲಿ ಬಿಸಾಕಿ ಮಗಳ ಕೆನ್ನೆಗೆ ಬಾರಿಸಿದ. ತುಟಿ ಒಡೆಯಿತು. ಮತ್ತೆ ಎತ್ತಿದ ಕೈಯನ್ನು ಜಯಪಾಲ ಗಟ್ಟಿಯಾಗಿ ಹಿಡಿದ.

"ನನ್ನ ಹೊಡೀರಿ ಕಾಕಾ, ಆಕಿಗೆ ಬ್ಯಾಡ."

ಬಿದ್ದಲ್ಲಿಂದಲೇ ಮಾಳು ನರಳಿದ: "ಅಲ್ಲಿ ಕುರಿ ಹೊಂಟಾವ, ಇಲ್ಲಿ ನೀವು ನೀವು ಬಡದಾಡಾಕತ್ತೀರಿ. ಬಿಳಿ ಪಿಕಪ್ಪು, ಹಿಂದಿನ ಬಾಗಿಲ ಮುರದೈತಿ."

ಜಯಪಾಲ ರಕ್ತದ ಕೈಯಲ್ಲೇ ಠಾಣೆಗೆ ಫೋನ್ ಹಚ್ಚಿ ಹೊಳೆಯ ಸೇತುವೆಗೆ ನಾಕಾಬಂದಿ ಹಾಕಿಸಿದ. ಹೊಡೆದವರೇ ಅವನ ಬೈಕು ಎತ್ತಿ ನಿಲ್ಲಿಸಿ, ಬೆನ್ನಿಗೆ ತಮ್ಮ ಬೈಕುಗಳನ್ನೂ ತೆಗೆದರು.

"ಮೊದಲ ಕುರಿ ತಗೊಂಡ ಬಾ. ಆಮ್ಯಾಲ ಹುಡುಗಿ ಮಾತು," ಅಂದ ಭೀಮಸಿ, ಜಯಪಾಲನ ಮುಖ ನೋಡದೆ. ಮಗಳ ಕಡೆ ಕೈ ಚಾಚಿದ. "ಸೀಟಿ ಕೊಡು ಇತ್ತ."

"ಇರಲಿ ಬಿಡ್ರಿ ಕಾಕಾ, ಆಕಿ ಕೊರಳಾಗ," ಅಂದ ಜಯಪಾಲ. ಒಂದು ಕಣ್ಣು ಬಾತು ಮುಚ್ಚಿತ್ತು, ಇನ್ನೊಂದು ಗಂಗಾಳ ಮೇಲಿತ್ತು. "ಇನ್ನ ನೂರ ಸಲ ಸುಳ್ಳ ಊದಿದ್ರೂ ಓಡಿ ಬರ್ತೀನಿ. ಮುಖಾ ಗಿಖಾ ತೊಳಕೊಳ್ಳಾಂಗಿಲ್ಲ."