ಮೂರನೇ ಸಾಲಿನ ಫೋನು

ಟ್ರಿಣ್ ಟ್ರಿಣ್... ಟ್ರಿಣ್ ಟ್ರಿಣ್...

ಫೋನು ಹೊಡೆದುಕೊಂಡಿತು. ಪರದೆಯ ಪಕ್ಕದಲ್ಲಿ ಖಾಲಿ ಬಟ್ಟಲು ಹಿಡಿದು, ಒಂದು ಕಾಲು ಮುಂದಿಟ್ಟಿದ್ದ ಚಿನಕುರುಳಿ ಹಾಗೇ ನಿಂತುಬಿಟ್ಟಳು.

ಫೋನು ಈಗ ಹೊಡೆದುಕೊಳ್ಳಬಾರದು. ಈಗ ಅವಳು ಸ್ಟೇಜಿಗೆ ಹೋಗಬೇಕು, ಬಾಗಿಲು ತಟ್ಟಬೇಕು, ಪಕ್ಕದ ಮನೆಯ ಹುಡುಗಿಯಾಗಿ ಒಂದು ಬಟ್ಟಲು ಸಕ್ಕರೆ ಕೇಳಬೇಕು. ಅವಳ ಮಾತಿಗೆ ಜನ ನಗಬೇಕು. ಫೋನು ಬರುವುದು ಅದೆಲ್ಲ ಆದ ಮೇಲೆ.

ಸ್ಟೇಜಿನ ಮೇಲೆ ಟೈಲರ್ ಆಂಟಿ ಒಬ್ಬರೇ ಇದ್ದರು. ಅವರು ನಿಜವಾಗಿಯೂ ಟೈಲರ್. ದಿನವಿಡೀ ಬಟ್ಟೆ ಹೊಲಿದು, ಕುತ್ತಿಗೆಯಲ್ಲಿ ಟೇಪು ನೇತಾಡುತ್ತಿರುವಾಗಲೇ ರಿಹರ್ಸಲ್ಲಿಗೆ ಓಡಿ ಬರುತ್ತಿದ್ದರು. ಈ ನಾಟಕದಲ್ಲಿ ಅವರು ಹಡಗಿನ ಕೆಲಸಕ್ಕೆ ಹೋದ ಮಗನ ಫೋನಿಗಾಗಿ ಕಾಯುವ ಅಮ್ಮ.

ಅವರು ಟೇಬಲ್ಲಿನ ಮೇಲಿದ್ದ ಹಳೇ ಕಾಲದ ಹಸಿರು ಫೋನಿನ ಕಡೆ ನೋಡಿದರು. ಟ್ರಿಣ್ ಟ್ರಿಣ್ ನಿಲ್ಲಲಿಲ್ಲ. ಮಗನಿಗಾಗಿ ಹಗಲೂ ರಾತ್ರಿ ಕಾದ ಅಮ್ಮ ಫೋನು ಕೂಗುತ್ತಿದ್ದರೆ ಸುಮ್ಮನೆ ಕೂರುವುದುಂಟೇ? ಟೈಲರ್ ಆಂಟಿ ಎದ್ದರು. ಎತ್ತಿದರು. "ಹಲೋ" ಎಂದರು.

ಎಲ್ಲೋ ಆ ಕಡೆಯಿಂದ ಬರುತ್ತಿದ್ದ ಟ್ರಿಣ್ ಟ್ರಿಣ್ ಅವರು ಎತ್ತಿದ ಮೇಲೂ ಒಂದೆರಡು ಸಲ ಕೂಗಿ ನಿಂತಿತು. ಯಾರೋ ಕಿಸಕ್ಕನೆ ನಕ್ಕರು. ಟೈಲರ್ ಆಂಟಿ ನಿಲ್ಲಿಸದೆ ಫೋನಿನ ಸೀನನ್ನೇ ಮುಂದುವರಿಸಿದರು.

ಚಿನಕುರುಳಿ ಮುಂದಕ್ಕೆ ಹೆಜ್ಜೆ ಇಟ್ಟಳು. ಹಿಂದಿನಿಂದ ಒಂದು ಕೈ ಅವಳ ಭುಜ ಹಿಡಿಯಿತು. ನಾಟಕದ ಮೇಷ್ಟ್ರು.

"ಬೇಡಮ್ಮ," ಎಂದು ಪಿಸುಗುಟ್ಟಿದರು.

"ನನ್ನ ಸೀನು, ಮೇಷ್ಟ್ರೇ."

"ಹೋಯ್ತು. ಹಡಗು ಕಾಣೆ ಆಗಿದೆ ಅಂತ ಈಗ ತಾನೇ ಫೋನಲ್ಲಿ ಗೊತ್ತಾಗಿದೆ. ಅವರು ಅಳ್ತಿರೋವಾಗ ಹೋಗಿ ಸಕ್ಕರೆ ಕೇಳ್ತೀಯಾ?"

ಅವಳಿಗಿದ್ದದ್ದು ಅದೊಂದೇ ಸೀನು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಅವಳಿಗೆ ಆಗಿದ್ದು ಅದೇ.

ಚಿನಕುರುಳಿ ಎಂದು ಹೆಸರಿಟ್ಟವರೂ ಈ ಮೇಷ್ಟ್ರೇ. ಬಾಯಿ ಸುಮ್ಮನಿರುವುದಿಲ್ಲ, ಕಾಲು ಸುಮ್ಮನಿರುವುದಿಲ್ಲ, ಸಿಟ್ಟಂತೂ ಮೂಗಿನ ತುದಿಯಲ್ಲೇ. ಆ ಹೆಸರು ಸ್ಕೂಲಿಗೂ ಹಬ್ಬಿತ್ತು. ಈವತ್ತು ಅವಳ ಕ್ಲಾಸಿನ ಟೀಚರ್ ಬಂದಿದ್ದರು. ಪಕ್ಕದ ಸೀಟಿನ ಗೆಳತಿ ಅಮ್ಮ-ಅಪ್ಪನನ್ನೂ ಕರೆದುಕೊಂಡು ಬಂದಿದ್ದಳು. ನಾಳೆ ಬೆಳಗ್ಗೆ ಅವಳು ಕೇಳದೆ ಇರುತ್ತಾಳೆಯೇ? "ನೀನು ಎಲ್ಲಿದ್ದೆ? ಕಾಣಿಸಲೇ ಇಲ್ಲ?"

ನಾಟಕ ಮುಗಿಯುವವರೆಗೂ ಚಿನಕುರುಳಿ ಮೇಕಪ್ ರೂಮಿನ ಬೆಂಚಿನ ಮೇಲೆ ಕೂತಿದ್ದಳು. ಕನ್ನಡಿಯಲ್ಲಿ ಕೆಂಪು ಬಣ್ಣ ಬಳಿದ ಎರಡು ಕೆನ್ನೆ ಕಾಣುತ್ತಿತ್ತು. ಅದನ್ನು ಯಾರೂ ನೋಡಿರಲಿಲ್ಲ. ಬಟ್ಟೆಯ ತೋಳಿನಿಂದ ಉಜ್ಜಿದಳು. ಕೆಂಪು ಕಿವಿಯವರೆಗೂ ಹರಡಿತು.

ಚಪ್ಪಾಳೆ ಕೇಳಿಸಿತು. ಎಲ್ಲರೂ ಒಳಗೆ ಬಂದರು. ಟೈಲರ್ ಆಂಟಿ ಸೀದಾ ಅವಳ ಹತ್ತಿರ ಬಂದು ಕೆಳಗೆ ಕೂತರು.

"ಪುಟ್ಟಿ, ನನ್ನ ಮೇಲೆ ಸಿಟ್ಟಾಗ್ಬೇಡ ಕಣೇ. ನಮ್ಮ ಸೌಂಡೇ ಬೇಗ ಬಂತು ಅಂದ್ಕೊಂಡೆ. ಎತ್ತಿದ ಮೇಲೂ ಕೂಗ್ತಾ ಇದೆ. ಆಗ ಗೊತ್ತಾಯ್ತು, ಆದ್ರೆ ಬಾಯಿಂದ ಹಲೋ ಬಂದಾಗಿತ್ತು."

ಅಷ್ಟರಲ್ಲಿ ಸೌಂಡ್ ಅಣ್ಣ ದಡದಡ ಮೆಟ್ಟಿಲಿಳಿದು ಬಂದ. ಹಿಂದುಗಡೆ ಎತ್ತರದ ರೂಮಿನಲ್ಲಿ ಕೂತು ನಾಟಕದ ಶಬ್ದಗಳನ್ನೆಲ್ಲ ಹಾಕುವವನು ಅವನು.

"ನಾನು ಒತ್ತೇ ಇಲ್ಲ. ಬೇಕಾದ್ರೆ ಆಣೆ ಮಾಡ್ತೀನಿ. ಅದು ಜನರ ಮಧ್ಯದಿಂದ ಬಂದಿದ್ದು. ಯಾರದ್ದೋ ಮೊಬೈಲು."

"ನಾನು ಎರಡು ಸಲ ಹೇಳಿದ್ದೆ," ಎಂದರು ಮೇಷ್ಟ್ರು. "ಮೊಬೈಲ್ ಆಫ್ ಮಾಡಿ, ಇಲ್ಲಾ ಸೈಲೆಂಟ್‌ನಲ್ಲಿಡಿ ಅಂತ. ಕೈ ಮುಗಿದು ಹೇಳಿದೆ."

ಚಿನಕುರುಳಿ ಬೆಂಚಿನ ಮೇಲೆ ಎದ್ದು ನಿಂತಳು.

"ಕೈ ಮುಗಿದ್ರೆ ಯಾರು ಕೇಳ್ತಾರೆ, ಮೇಷ್ಟ್ರೇ? ನಾನು ಪರದೆ ಸಂದಿಯಿಂದ ನೋಡ್ತಾನೇ ಇದ್ದೆ. ಐದನೇ ಸಾಲಲ್ಲಿ ಒಬ್ಬರು ಮೆಸೇಜ್ ಮಾಡ್ತಿದ್ರು, ಮುಖಕ್ಕೆಲ್ಲ ನೀಲಿ ಲೈಟು. ಒಬ್ರು ವಿಡಿಯೋ ಮಾಡ್ತಿದ್ರು. ಇನ್ನೊಬ್ಬರಂತೂ ಫೋನ್ ಎತ್ತಿ, ನಾಟಕದಲ್ಲಿದ್ದೀನಿ, ಆಮೇಲೆ ಮಾಡು ಅಂತಾರೆ. ಆಮೇಲೆ ಮಾಡು ಅನ್ನೋಕೆ ಯಾಕೆ ಎತ್ಬೇಕು?"

ನ್ಯಾಯವಾದ ಪ್ರಶ್ನೆಯೇ. ಅಂಥ ಫೋನಿನಲ್ಲಿ ಮನೆ ಮುಳುಗುವ ಸುದ್ದಿಯೇನೂ ಬಂದಿರುವುದಿಲ್ಲ. ಹೆಚ್ಚೆಂದರೆ, ಬರುವಾಗ ಬ್ರೆಡ್ ತಗೊಂಡು ಬಾ ಅಂದಿರುತ್ತಾರೆ. ಇಲ್ಲಿ ಜನ ತಿಂಗಳುಗಟ್ಟಲೆ ಬೆವರು ಸುರಿಸಿ ಒಂದು ಹಡಗು ಕಟ್ಟಿ, ಅದನ್ನು ಮುಳುಗಿಸಿ, ಒಬ್ಬ ಅಮ್ಮನ ಕಣ್ಣಲ್ಲಿ ನೀರು ತರಿಸುತ್ತಾರೆ. ಅದರ ಮಧ್ಯೆ ಇವರ ಬ್ರೆಡ್ಡು.

"ಮುಂದಿನ ಭಾನುವಾರ ಇನ್ನೊಂದು ಶೋ ಇದೆಯಲ್ಲಮ್ಮ," ಎಂದರು ಮೇಷ್ಟ್ರು.

"ನಮ್ಮ ಟೀಚರ್ ಬಂದಿದ್ದು ಇವತ್ತು. ಆ ಫೋನಿನವರನ್ನ ಹಿಡೀಬೇಕು. ಹಿಡಿದು ಸ್ಟೇಜ್ ಮೇಲೆ ನಿಲ್ಲಿಸ್ಬೇಕು. ಲೈಟ್ ಹಾಕ್ಬೇಕು. ನಾಟಕ ಕೆಡಿಸಿದ್ದು ನಾನೇ ಅಂತ ಅವರ ಬಾಯಿಂದಾನೇ ಹೇಳಿಸ್ಬೇಕು. ಬುದ್ಧಿ ಇಲ್ದೋರು. ಮರ್ಯಾದೆ ಇಲ್ದೋರು."

"ಸಿಕ್ಕಿದ್ರೆ ನಾನೂ ನಾಲ್ಕು ಮಾತು ಹೇಳ್ತೀನಿ," ಎಂದ ಸೌಂಡ್ ಅಣ್ಣ. "ಮೂರನೇ ಸಾಲಿನ ಕಡೆಯಿಂದ ಬಂದ ಹಾಗಿತ್ತು. ನಡೆಯೋ ದಾರಿ ಪಕ್ಕ."

ಚಿನಕುರುಳಿಯ ಕಣ್ಣು ಅರಳಿತು. "ಅಲ್ಲಿ ನಮ್ಮಜ್ಜ ಕೂತಿದಾರೆ. ಅವರು ನೋಡಿರ್ತಾರೆ."

ಬೆಂಚಿನಿಂದ ಜಿಗಿದವಳೇ ಪರದೆ ಸರಿಸಿ ಓಡಿದಳು.

ಹಾಲಿನ ದೊಡ್ಡ ದೀಪಗಳು ಹತ್ತಿದ್ದವು. ಜನರೆಲ್ಲ ಹೋಗಿದ್ದರು. ಒಬ್ಬ ಹೆಂಗಸು ಕೊನೆಯ ಸಾಲಿನಿಂದ ಕಸ ಗುಡಿಸುತ್ತಿದ್ದಳು. ಮೂರನೇ ಸಾಲಿನಲ್ಲಿ ಅಜ್ಜ ಮಾತ್ರ ಇದ್ದರು. ಅಮ್ಮನಿಗೆ ಆಸ್ಪತ್ರೆಯಲ್ಲಿ ಡ್ಯೂಟಿ ಇದ್ದುದರಿಂದ ಚಿನಕುರುಳಿಯನ್ನು ಕರೆತಂದವರು ಅವರೇ. ಇಸ್ತ್ರಿ ಮಾಡಿದ ಬಿಳಿ ಶರಟಿನ ಗುಂಡಿಯನ್ನು ಕುತ್ತಿಗೆಯವರೆಗೂ ಹಾಕಿಕೊಂಡು, ಮೊಬೈಲನ್ನು ತೊಡೆಯ ಮೇಲೆ ಕವುಚಿ ಇಟ್ಟುಕೊಂಡು ಕೂತಿದ್ದರು.

"ಅಜ್ಜ, ಫೋನ್ ಹೊಡ್ಕೊಂಡಿದ್ದು ಯಾರದ್ದು? ನಿನ್ನ ಹತ್ರಾನೇ ಅಂತೆ. ನೋಡಿದ್ಯಾ?"

"ನೋಡಿದೆ."

"ಯಾರು? ಹೊರಗೆ ಇನ್ನೂ ಇರ್ತಾರಾ? ಬೇಗ ಹೇಳು, ಹಿಡೀಬೇಕು."

"ನಾನೇ," ಎಂದರು ಅಜ್ಜ.

ಅಜ್ಜ ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡಳು. ಅವರು ತಮಾಷೆ ಮಾಡುವಾಗ ಮೀಸೆ ಅಲುಗುತ್ತದೆ. ಮೀಸೆ ಅಲುಗಲಿಲ್ಲ.

ಬೇರೆ ಯಾರೇ ಆಗಿದ್ದರೂ ಅವಳಿಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಮನೆಯಲ್ಲಿ ಅವಳ ನಾಟಕದ ಮಾತುಗಳನ್ನು ಕೂತು ಕೇಳಿದ್ದು ಅಜ್ಜನೇ. ಫೋನು ಯಾವಾಗ ಬರಬೇಕು ಎನ್ನುವುದು ಇಡೀ ಹಾಲಿನಲ್ಲಿ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಸೈಲೆಂಟ್ ಮಾಡು ಅಂತ ಬಾಗಿಲಲ್ಲೇ ಹೇಳಿದ್ನಲ್ಲ. ನಿಂಗೆ ಒಂದು ಸಣ್ಣ ಕೆಲಸ ಮಾಡೋಕಾಗಲ್ವಾ?"

"ಮಾಡಿದ್ದೆ. ಇದು ಕಾಲ್ ಅಲ್ಲ ಮಗಾ, ಅಲಾರಂ."

"ನಾಟಕಕ್ಕೆ ಬರೋವಾಗ ಯಾರಾದ್ರೂ ಅಲಾರಂ ಇಟ್ಕೋತಾರಾ?"

ಅಜ್ಜ ಮೊಬೈಲನ್ನು ಮೇಲೆ ಮಾಡಿದರು, ಮತ್ತೆ ಕವುಚಿದರು.

"ಹೋದ ಸಲ ಸ್ಕೂಲ್ ಡೇನಲ್ಲಿ ನೀನು ಮರ ಆಗಿದ್ದೆಯಲ್ಲ. ನಂಗೆ ಜೋಂಪು ಹತ್ತಿತು. ಕಣ್ಣು ಬಿಟ್ರೆ ಎಲ್ರೂ ಚಪ್ಪಾಳೆ ಹೊಡೀತಿದ್ರು, ಮರ ಹೋಗಿತ್ತು. ಎಣ್ಣೆ ಬಂದಾಗ ಕಣ್ಣು ಮುಚ್ಕೊಂಡ ಅಜ್ಜ ಅಂತ ಅಮ್ಮನ ಹತ್ರ ಹೇಳಿ, ಊಟ ಬಿಟ್ಟು ಮಲಗಿದೆ ನೀನು."

ಚಿನಕುರುಳಿಗೆ ನೆನಪಿತ್ತು. ಮಾರನೇ ದಿನವೂ ಅವಳು ಅಜ್ಜನ ಜೊತೆ ಮಾತಾಡಿರಲಿಲ್ಲ.

"ಇವತ್ತೂ ಊಟ ಆದ ಮೇಲಿನ ನಾಟಕ. ಆ ಹೊತ್ತಲ್ಲಿ ನನ್ನ ಕಣ್ಣು ನನ್ನ ಮಾತು ಕೇಳಲ್ಲ. ನೀನು ಯಾವ ಹೊತ್ತಿಗೆ ಬರ್ತೀಯ ಅಂತ ರಿಹರ್ಸಲ್ ನೋಡಿ ಲೆಕ್ಕ ಹಾಕಿದ್ದೆ. ಅದಕ್ಕೆ ಸರಿಯಾಗಿ ಅಲಾರಂ ಇಟ್ಟೆ. ಸೈಲೆಂಟ್ ಮಾಡಿದ್ರೆ ಬರೀ ನಡುಗುತ್ತೆ, ಜೇಬಲ್ಲಿ ನಡುಗಿದ್ರೆ ಎಚ್ಚರ ಆಗುತ್ತೆ ಅಂದ್ಕೊಂಡೆ. ಅಲಾರಂ ಏನು ಮಾಡಿದ್ರೂ ಕೂಗೇ ಕೂಗುತ್ತೆ ಅಂತ ಗೊತ್ತಿರ್ಲಿಲ್ಲ. ಕತ್ತಲಲ್ಲಿ ಎಲ್ಲಿ ಒತ್ಬೇಕೋ ಅದೂ ಕಾಣಿಸಲಿಲ್ಲ."

ಅವಳು ಅಜ್ಜನ ತೊಡೆಯ ಮೇಲಿದ್ದ ಮೊಬೈಲನ್ನು ನೋಡಿದಳು. ಆಮೇಲೆ ಕೇಳಿದಳು.

"ನಿದ್ದೆ ಬಂದಿತ್ತಾ?"

"ಇಲ್ಲ," ಎಂದರು ಅಜ್ಜ. "ಒಂದು ಚೂರೂ ಬಂದಿರ್ಲಿಲ್ಲ. ಈಗ ಬರ್ತೀಯ, ಈಗ ಬರ್ತೀಯ ಅಂತ ಕಣ್ಣು ಬಿಟ್ಕೊಂಡೇ ಕೂತಿದ್ದೆ."

ಚಿನಕುರುಳಿಗೆ ಇನ್ನೂ ಸಿಟ್ಟಿತ್ತು. ಸೀನು ಹೋದದ್ದು ಹೋಗಿಯೇ ಇತ್ತು. ಆದರೆ ಆ ಸಿಟ್ಟನ್ನು ಯಾರ ಮೇಲೆ ಹಾಕಬೇಕೆಂದು ಈಗ ತಿಳಿಯಲಿಲ್ಲ.

ಅಷ್ಟು ಹೊತ್ತಿಗೆ ಮೇಷ್ಟ್ರು, ಟೈಲರ್ ಆಂಟಿ, ಸೌಂಡ್ ಅಣ್ಣ ಎಲ್ಲರೂ ಹಾಲಿಗೆ ಬಂದರು.

"ಯಾರು ಅಂತ ಗೊತ್ತಾಯ್ತಾ?" ಎಂದು ಸೌಂಡ್ ಅಣ್ಣ ತೋಳು ಮಡಚುತ್ತಾ ಕೇಳಿದ.

ಚಿನಕುರುಳಿ ಬಾಯಿ ತೆರೆದಳು. ಅವರು ಹೊರಟುಹೋದರು ಅಂದರೆ ಆಯಿತು. ಯಾರೋ ಗೊತ್ತಿಲ್ಲದವರು ಅಂದರೂ ಆಯಿತು. ತೆರೆದ ಬಾಯಿ ಮುಚ್ಚಿ ಅಜ್ಜನ ಕಡೆ ನೋಡಿದಳು.

ಅಜ್ಜ ಮುಂದಿನ ಕುರ್ಚಿ ಹಿಡಿದು ಎದ್ದರು. ಸಾಲಿನಿಂದ ಹೊರಗೆ ಬಂದು ಸ್ಟೇಜಿನ ಮೆಟ್ಟಿಲ ಕಡೆ ನಡೆದರು.

"ಅಜ್ಜ, ಎಲ್ಲಿಗೆ?"

"ಸ್ಟೇಜ್ ಮೇಲೆ ನಿಲ್ಲಿಸ್ಬೇಕು ಅಂದ್ಯಲ್ಲ. ನೀನು ಪರದೆ ಹಿಂದೆ ಮಾತಾಡಿದ್ರೂ ಕೊನೇ ಸಾಲಿಗೆ ಕೇಳುತ್ತೆ."

ಒಂದೊಂದು ಮೆಟ್ಟಿಲಿಗೂ ಮೊಣಕಾಲು ಹಿಡಿದುಕೊಂಡು ಅಜ್ಜ ಹತ್ತಿದರು. ಹಸಿರು ಫೋನಿನ ಟೇಬಲ್ಲಿನ ಪಕ್ಕ ನಿಂತು ಎಲ್ಲರ ಕಡೆ ತಿರುಗಿದರು.

"ಆ ಫೋನು ನಂದು," ಎಂದರು. "ನಿಮ್ಮೆಲ್ಲರ ಕೆಲಸ ಕೆಡಿಸಿದೆ. ತಪ್ಪಾಯ್ತು."

ಹಾಲಿನಲ್ಲಿ ಪೊರಕೆಯ ಸದ್ದು ಕೂಡ ನಿಂತಿತು. ನಾಲ್ಕು ಮಾತು ಹೇಳುತ್ತೇನೆ ಎಂದಿದ್ದ ಸೌಂಡ್ ಅಣ್ಣ ತನ್ನ ಚಪ್ಪಲಿ ನೋಡುತ್ತಿದ್ದ.

"ಅಯ್ಯೋ, ಬಿಡಿ ಅಜ್ಜ," ಎಂದರು ಟೈಲರ್ ಆಂಟಿ.

ಮೇಷ್ಟ್ರು ಬಿಡಿ ಎನ್ನಲಿಲ್ಲ. "ನಮಗೆ ತುಂಬ ಕಷ್ಟ ಆಯ್ತು, ಅಜ್ಜ," ಎಂದರು. "ಇವಳಿಗೆ ಇನ್ನೂ ಜಾಸ್ತಿ."

"ಗೊತ್ತು."

"ಇಷ್ಟು ವರ್ಷದಲ್ಲಿ ನಾಟಕದ ಮಧ್ಯೆ ಬೇಕಾದಷ್ಟು ಫೋನ್ ಹೊಡ್ಕೊಂಡಿವೆ. ನಂದು ಅಂತ ಎದ್ದು ನಿಂತವರು ನೀವೇ ಮೊದಲು."

ಚಿನಕುರುಳಿ ಕೇಳಿದ್ದು ಇದನ್ನೇ. ತಪ್ಪು ಮಾಡಿದವರು ಸ್ಟೇಜಿನ ಮೇಲೆ ನಿಂತಿದ್ದರು, ಎಲ್ಲರೂ ನೋಡುತ್ತಿದ್ದರು, ಅವರ ಬಾಯಿಂದಲೇ ಮಾತು ಬಂದಿತ್ತು. ಆದರೂ ಅವಳಿಗೆ ಅತ್ತ ನೋಡಲಾಗಲಿಲ್ಲ. ಬುದ್ಧಿ ಇಲ್ಲದೋರು, ಮರ್ಯಾದೆ ಇಲ್ಲದೋರು ಎಂದು ಕೂಗಿದ್ದೂ ಕೊನೆಯ ಸಾಲಿನವರೆಗೆ ಕೇಳಿಸಿರಬೇಕು.

ಅಜ್ಜ ಇಳಿಯಲು ಬಂದು ಮೆಟ್ಟಿಲ ತುದಿಯಲ್ಲಿ ನಿಂತರು. ಹತ್ತುವುದಕ್ಕಿಂತ ಇಳಿಯುವುದೇ ಅವರಿಗೆ ಕಷ್ಟ. ಚಿನಕುರುಳಿ ಓಡಿಹೋಗಿ ಅವರ ಕೈ ತನ್ನ ಭುಜದ ಮೇಲೆ ಇಟ್ಟುಕೊಂಡಳು.

"ನಿಧಾನ," ಎಂದಳು.

ಇಬ್ಬರೂ ಒಂದು ಮೆಟ್ಟಿಲು ಇಳಿದರು.

"ಮುಂದಿನ ಭಾನುವಾರ ಫೋನ್ ಮನೇಲಿಟ್ಟು ಬಾ." ಅವಳ ದನಿ ಇನ್ನೂ ಗಡುಸಾಗಿಯೇ ಇತ್ತು.

"ನಾನು ಬರಲಾ?" ಎಂದರು ಅಜ್ಜ.

"ಬರ್ಬೇಕು."

ಇನ್ನೊಂದು ಮೆಟ್ಟಿಲು ಇಳಿದರು.

"ಮತ್ತೆ ನಿದ್ದೆ ಬಂದ್ರೆ?"

ಚಿನಕುರುಳಿ ಸ್ವಲ್ಪ ಯೋಚಿಸಿದಳು.

"ಬಂದ್ರೆ ಮಲ್ಕೋ, ಅಜ್ಜ," ಎಂದಳು. "ನಾನು ಬಾಗಿಲು ಜೋರಾಗಿ ತಟ್ತೀನಿ."